ಯಾವ ಮಕ್ಕಳ ಸಾಹಿತ್ಯ ಸ್ವಾಮಿ?



ಮಕ್ಕಳ ಸಾಹಿತ್ಯದ ಗೋಷ್ಠಿ ಅಂದರೆ ಸಾಕು, ವೇದಿಕೆ ಮೇಲಿನವರಿಗೆ ಒಂದು ಪಟ್ಟಿ ಬಾಯಿಪಾಠ ಬರ್ತದೆ. ಜೋಗುಳ, ಶಿಶುಪ್ರಾಸ, ಒಗಟು, ನೀತಿಕಥೆ, ಪುರಾಣಕಥೆ, ಸಾಹಸಕಥೆ, ಜೀವನಚರಿತ್ರೆ, ವಿಜ್ಞಾನ, ನಾಟಕ. ಇಷ್ಟು ಪ್ರಕಾರಗಳು. ಇವುಗಳಿಂದ ಮಗುವಿನ ಭಾಷೆ ಬೆಳೀತದೆ, ಕಲ್ಪನೆ ಬೆಳೀತದೆ, ವ್ಯಕ್ತಿತ್ವ ವಿಕಾಸ ಆಗ್ತದೆ. ಆಮೇಲೆ ಚಪ್ಪಾಳೆ, ಚಾ, ಅವಲಕ್ಕಿ. ಹಿಂದಿನ ಸಾಲಿನಿಂದ ಯಾರಾದರೂ ಎದ್ದು "ಯಾವ ಮಗು ಸ್ವಾಮಿ?" ಅಂತ ಕೇಳಿದರೆ ಉತ್ತರ ಸಿದ್ಧ ಇರ್ತದೆ: ಮಗುವಿಗೆ ಜಾತಿ ಇಲ್ಲ, ಮಗು ದೇವರ ಸಮಾನ.

ಮಗುವಿಗೆ ಜಾತಿ ಇಲ್ಲ, ನಾವೂ ಒಪ್ತೇವೆ. ಆದರೆ ಮಗು ಕೂರುವ ಜಾಗಕ್ಕೆ ಜಾತಿ ಇದೆ. ಸತಾರಾದ ಶಾಲೆಯಲ್ಲಿ ಭೀಮರಾವ್ ಅನ್ನುವ ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂರುತ್ತಿದ್ದ. ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ, ಹಾಗಾಗಿ ಸಂಜೆ ಅದನ್ನು ಮನೆಗೇ ಹೊತ್ತುಕೊಂಡು ಹೋಗಬೇಕಿತ್ತು. ಜವಾನ ಬರದ ದಿನ ಅವನಿಗೆ ನೀರೂ ಇರಲಿಲ್ಲ. ದೇವರ ಸಮಾನನಾದ ಮಗುವಿನ ಕಥೆ ಇದು. ಇದು ಯಾವ ಪ್ರಕಾರಕ್ಕೆ ಸೇರ್ತದೆ ಅಂತ ಗೋಷ್ಠಿಯವರು ಹೇಳಬೇಕು.

ನಮ್ಮ ವಾದ ಇಷ್ಟೇ. ಇವತ್ತು ಮಕ್ಕಳ ಸಾಹಿತ್ಯ ಅಂತ ಕರೆಸಿಕೊಳ್ಳುವ ಹೆಚ್ಚಿನ ಪುಸ್ತಕಗಳಲ್ಲಿ ನಮ್ಮ ಕೇರಿಯ ಮಗು ಒಂದೋ ಇಲ್ಲವೇ ಇಲ್ಲ, ಇದ್ದರೆ ನಗುನಗುತ್ತ ಬಲಿಯಾಗಲಿಕ್ಕೆ ಇದೆ. ಅದನ್ನೇ ಓದಿ ಬೆಳೆದ ನಾವು ಹಾಸ್ಟೆಲಿಗೆ ಬಂದು ಮಂಚ ಹಿಡಿದಿದ್ದೇವೆ. ನಮ್ಮ ತಮ್ಮ ತಂಗಿಯರು ಇನ್ನೂ ಅದೇ ಪುಸ್ತಕದ ಎದುರು ಕೂತಿದ್ದಾರೆ.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕಿನಲ್ಲಿ ಹುಟ್ಟಿದ ಮಗು ಮೊದಲು ಕೇಳುವ ದೊಡ್ಡ ಕಥೆ ಯಾವುದು? ಆತ್ಮಲಿಂಗದ ಕಥೆ. ರಾವಣ ಲಿಂಗ ಹೊತ್ತು ಲಂಕೆಗೆ ಹೊರಟ, ಸಂಧ್ಯಾವಂದನೆಯ ಹೊತ್ತಾಯಿತು, ಗಣಪತಿ ಹುಡುಗನ ವೇಷದಲ್ಲಿ ಬಂದು ಲಿಂಗವನ್ನು ನೆಲಕ್ಕಿಟ್ಟ. ರಾವಣ ಸಿಟ್ಟಿನಿಂದ ಕಿತ್ತೆಸೆದ ಚೂರುಗಳು ಬಿದ್ದ ಜಾಗವೆಲ್ಲ ಕ್ಷೇತ್ರಗಳಾದವು. ಕುಮಟಾ ತಾಲೂಕಿನಲ್ಲಿ ಗೋಕರ್ಣ, ಧಾರೇಶ್ವರ. ಹೊನ್ನಾವರದಲ್ಲಿ ಗುಣವಂತೆ. ಭಟ್ಕಳದಲ್ಲಿ ಮುರ್ಡೇಶ್ವರ. ಮುರ್ಡೇಶ್ವರದಲ್ಲಿ ೧೨೩ ಅಡಿ ಶಿವನ ಮೂರ್ತಿಯ ಬುಡದಲ್ಲಿ ಇದೇ ಕಥೆಯನ್ನು ಗೊಂಬೆಗಳಲ್ಲಿ ಮಾಡಿ ಇಟ್ಟಿದ್ದಾರೆ, ಶಾಲೆ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ತವೆ. ಕಥೆ ಸ್ವಾರಸ್ಯವಾಗಿದೆ, ನಾವೂ ಬಾಯಿಬಿಟ್ಟುಕೊಂಡು ಕೇಳಿದವರೇ. ಆದರೆ ಆ ಹುಡುಗ ಯಾರು ನೋಡಿ. ಒಬ್ಬರು ಹೇಳುವಾಗ ಬ್ರಾಹ್ಮಣ ವಟು, ಇನ್ನೊಬ್ಬರು ಹೇಳುವಾಗ ದನ ಕಾಯುವ ಹುಡುಗ. ದನ ಕಾಯುವವನ ವೇಷ ಬೇಕು, ದನ ಕಾಯುವವನು ಬೇಡ. ಈ ಕಡಲತೀರದಲ್ಲಿ ಅವರಿವರ ದನ ಕಾಯ್ದು ಶಾಲೆ ತಪ್ಪಿಸಿಕೊಂಡವರು ಯಾರ ಮಕ್ಕಳು ಅಂತ ನಿಮ್ಮ ಅಪ್ಪಂದಿರನ್ನು ಕೇಳಿ.

ಈ ಕಥೆ ಬರೀ ಕಥೆಯಲ್ಲ, ಅದೊಂದು ಭೂಪಟ. ಮಗು ತನ್ನ ಊರಿನ ಭೂಗೋಳವನ್ನು ಅದರಿಂದಲೇ ಕಲೀತದೆ. ಆ ಭೂಪಟದಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ ಇಲ್ಲ. ಅಘನಾಶಿನಿಯ ಗಜನಿ ಇಲ್ಲ. ಉಪ್ಪುನೀರಿನಲ್ಲೇ ಎದೆ ಮಟ್ಟ ಬೆಳೆದು ನಿಲ್ಲುವ ಕಗ್ಗ ಭತ್ತ ಇಲ್ಲ. ಮುಕ್ರಿ, ಹಳ್ಳೇರ ಕೇರಿಗಳಂತೂ ಇಲ್ಲವೇ ಇಲ್ಲ. ರಾವಣನ ಕೈಯಿಂದ ಬಿದ್ದ ಚೂರಿಗೆ ಒಂದೊಂದು ಊರು ಸಿಕ್ಕಿತು, ನೆಲ ಅಗೆದವರಿಗೆ ಒಂದು ಸಾಲು ಕಥೆಯೂ ಸಿಗಲಿಲ್ಲ.

ಇನ್ನು ಪುಣ್ಯಕೋಟಿಗೆ ಬರೋಣ. ಗೋವಿನ ಹಾಡನ್ನು ಮುಟ್ಟಿದರೆ ನಮ್ಮ ಮೇಷ್ಟ್ರುಗಳಿಗೆ ಕಣ್ಣಲ್ಲಿ ನೀರು, ಕೆಲವರಿಗೆ ಕಣ್ಣಲ್ಲಿ ಬೆಂಕಿ. ಹಾಡು ಚೆಲುವಾಗಿದೆ, ಯಾರೂ ಅಲ್ಲಗಳೆಯೋದಿಲ್ಲ. ಚೆಲುವಾಗಿರುವುದೇ ಅದರ ಬಲ. ಮಾತು ಕೊಟ್ಟ ಹಸು ಕರುವಿಗೆ ಹಾಲು ಕುಡಿಸಿ, ಅದನ್ನು ಅಕ್ಕತಂಗಿಯರಿಗೆ ಒಪ್ಪಿಸಿ, ಸಾಯಲಿಕ್ಕೆ ಹೊರಟು ಬರ್ತದೆ. ಹುಲಿ ನಾಚಿ ಪ್ರಾಣ ಬಿಡ್ತದೆ. ಮೇಷ್ಟ್ರು ಕೇಳ್ತಾರೆ: ಮಕ್ಕಳೇ, ಇದರ ನೀತಿ ಏನು? ಸತ್ಯವೇ ದೊಡ್ಡದು ಸಾರ್!

ಹುಲಿ ಮಾಡಿದ ತಪ್ಪೇನು ಅಂತ ಯಾರೂ ಕೇಳೋದಿಲ್ಲ. ಅದಕ್ಕೆ ಹಸಿವಾಗಿತ್ತು. ಹಸಿವಾದದ್ದಕ್ಕೆ ನಾಚಿಕೊಳ್ಳಬೇಕು, ತಿನ್ನುವ ಆಹಾರಕ್ಕೆ ಪಶ್ಚಾತ್ತಾಪ ಪಡಬೇಕು, ಕೊನೆಗೆ ಸಾಯಬೇಕು. ಇನ್ನೊಂದು ಕಡೆಯಿಂದ ನೋಡಿದರೆ, ಬಲಿಯಾಗುವವಳು ತಾನೇ ನಡೆದು ಬರಬೇಕು, ಕೊಟ್ಟ ಮಾತಿಗೆ ತಪ್ಪಬಾರದು, ಓಡಿಹೋಗಬಾರದು. ಜೀತದ ಮನೆಯಿಂದ ಒಂದು ದಿನ ರಜೆಗೆ ಬಂದು ಮರುದಿನ ತಾನಾಗಿ ಹಿಂದಿರುಗಿದ ನಮ್ಮ ಅಜ್ಜಂದಿರಿಗೆ ಯಾರೂ ಪುಣ್ಯಕೋಟಿ ಅಂತ ಹೆಸರಿಡಲಿಲ್ಲ. ಎರಡು ಪಾತ್ರ ಇವೆ, ಎರಡೂ ನಮಗೇ ಮೀಸಲು. ತಿನ್ನುವವರಾದರೆ ಪಾಪಿಗಳು, ತಿನ್ನಿಸಿಕೊಳ್ಳುವವರಾದರೆ ಪುಣ್ಯವಂತರು.

ಇದು ಬರೀ ಹಾಡು, ಎಂತಕ್ಕೆ ಇಷ್ಟು ಎಳೆದಾಡ್ತೀರಿ ಅಂತ ಕೇಳುವವರಿದ್ದಾರೆ. ಸರಕಾರ ಅದನ್ನು ಬರೀ ಹಾಡು ಅಂತ ತಿಳಿದಿರಲಿಲ್ಲ. ೨೦೨೦ರ ಗೋಹತ್ಯೆ ನಿಷೇಧ ಕಾನೂನು ೨೦೨೧ರಲ್ಲಿ ಜಾರಿಗೆ ಬಂತು. ೨೦೨೨ರಲ್ಲಿ ಗೋಶಾಲೆಯ ಹಸುಗಳನ್ನು ದತ್ತು ಕೊಡುವ ಯೋಜನೆ ಬಂತು, ಅದಕ್ಕೆ ಇಟ್ಟ ಹೆಸರು ಪುಣ್ಯಕೋಟಿ. ಅದೇ ಹೊತ್ತಿಗೆ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡುವ ಮಾತು ಬಂದಾಗ ಕೆಲವು ಮಠಾಧೀಶರು ಬೀದಿಗಿಳಿಯುವ ಬೆದರಿಕೆ ಹಾಕಿದರು. ಹಸಿದ ಹುಲಿಗೆ ಹೇಳಿದ ನೀತಿಯನ್ನೇ ಹಸಿದ ಮಗುವಿಗೂ ಹೇಳಿದರು. ಮಕ್ಕಳ ಪದ್ಯ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ನೋಡಿ. ನಮ್ಮ ಮನೆಯ ಒಲೆಯ ತನಕ ಬಂತು.

ಏಕಲವ್ಯನ ವಿಷಯ ಹೆಚ್ಚು ಬರೆಯೋದಿಲ್ಲ, ನಿಮಗೆ ಗೊತ್ತಿದೆ. ಅದನ್ನು ಗುರುಭಕ್ತಿ ಪಾಠ ಅಂತ ಹೇಳಿಕೊಡ್ತಾರೆ. ಕಾಡಿನ ಹುಡುಗನಿಂದ ಕಿತ್ತುಕೊಂಡದ್ದು ಹೆಬ್ಬೆಟ್ಟು. ನಮ್ಮಜ್ಜನಿಗೆ ಉಳಿಸಿಕೊಟ್ಟದ್ದೂ ಹೆಬ್ಬೆಟ್ಟು ಒಂದೇ, ಸಾಲದ ಚೀಟಿ ಮೇಲೆ ಒತ್ತಲಿಕ್ಕೆ.

ಇಂಥ ಪುಸ್ತಕ ಮಗುವಿನ ಮನಸ್ಸಿಗೆ ಏನು ಮಾಡ್ತದೆ? ಇದು ಕವಿಗಳ ಉತ್ಪ್ರೇಕ್ಷೆ ಅಲ್ಲ, ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ ೧೯೪೦ರ ದಶಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕರಿಯ ದಂಪತಿ ಕರಿಯ ಮಕ್ಕಳ ಮುಂದೆ ಒಂದು ಬಿಳಿ ಗೊಂಬೆ, ಒಂದು ಕಂದು ಗೊಂಬೆ ಇಟ್ಟು ಯಾವುದು ಒಳ್ಳೇದು ಅಂತ ಕೇಳಿದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ತೋರಿಸಿದರು. ಯಾವುದು ನಿನ್ನ ಹಾಗಿದೆ ಅಂದಾಗ ಕೆಲವು ಮಕ್ಕಳು ಅತ್ತುಬಿಟ್ಟವು. ೧೯೫೪ರಲ್ಲಿ ಶಾಲೆಗಳಲ್ಲಿ ವರ್ಣಭೇದ ಕೂಡದು ಅಂತ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಈ ಗೊಂಬೆಯ ಮಾತೂ ಲೆಕ್ಕಕ್ಕೆ ಬಂದಿತ್ತು. ೧೯೬೫ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಬಿಳಿ ಹೆಂಗಸು ಮೂರು ವರ್ಷದಲ್ಲಿ ಪ್ರಕಟವಾದ ೫೨೦೬ ಮಕ್ಕಳ ಪುಸ್ತಕಗಳ ಲೆಕ್ಕ ತೆಗೆದಳು. ಒಬ್ಬನಾದರೂ ಕರಿಯ ಇರುವ ಪುಸ್ತಕಗಳು ೩೪೯. ಕನ್ನಡದಲ್ಲಿ ಅಂಥ ಲೆಕ್ಕ ತೆಗೆಯಲು ಸಂಶೋಧಕರು ಬೇಕಿಲ್ಲ. ನಿಮ್ಮ ಊರಿನ ಲೈಬ್ರರಿಯ ಮಕ್ಕಳ ಕಪಾಟು, ಒಂದು ನೋಟ್ ಬುಕ್ಕು, ಒಂದು ಭಾನುವಾರ ಸಾಕು.

ಅಮೆರಿಕದ ಮಾತು ನಮಗೇಕೆ ಅನ್ನುವವರಿಗೆ ಉತ್ತರಪ್ರದೇಶದ ಮಾತು ಹೇಳ್ತೇವೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅಲ್ಲಿ ಮೇಲ್ಜಾತಿಯ ೩೨೧, ಕೆಳಜಾತಿಯ ೩೨೧ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಆಟ ಕೊಟ್ಟರು. ೨೦೦೪ರಲ್ಲಿ ಅದರ ಫಲ ಹೊರಬಂತು. ಜಾತಿ ಎತ್ತದೆ ಆಡಿಸಿದಾಗ ಎರಡೂ ಕಡೆಯವರು ಹೆಚ್ಚುಕಮ್ಮಿ ಸಮ. ಎಲ್ಲರೆದುರು ಹೆಸರು, ಅಪ್ಪನ ಹೆಸರು, ಜಾತಿ ಕೂಗಿ ಹೇಳಿ ಆಡಿಸಿದಾಗ ನಮ್ಮ ಹುಡುಗರ ಅಂಕ ಕುಸಿಯಿತು. ಬುದ್ಧಿ ಅದೇ, ಆಟ ಅದೇ. ನಡುವೆ ಆದದ್ದು ಒಂದು ಕೂಗು. ಸ್ಕಾಲರ್‌ಶಿಪ್ ಪಟ್ಟಿ ಓದುವಾಗ ತರಗತಿಯಲ್ಲಿ ಎದ್ದು ನಿಂತವರಿಗೆ ಆ ಕೂಗು ಯಾವುದು ಅಂತ ವಿವರಿಸಬೇಕಾಗಿಲ್ಲ. ವ್ಯಕ್ತಿತ್ವ ವಿಕಾಸ ಅಂತ ಭಾಷಣ ಮಾಡುವವರು ಈ ಕುಸಿತದ ಬಗ್ಗೆ ಯಾಕೆ ಮಾತಾಡೋದಿಲ್ಲ?

೧೯೭೩ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಒಂದು ಮಾತಿಗೆ ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಕಿಚ್ಚಿನಲ್ಲೇ ನಮ್ಮ ಚಳವಳಿ ಹುಟ್ಟಿತು. ಅವತ್ತಿನಿಂದ ಕಾವ್ಯ, ಕಾದಂಬರಿ, ಆತ್ಮಕಥೆ ಎಲ್ಲದರಲ್ಲೂ ಬೂಸಾ ಕೇರಿ ಕಾಳು ಬೇರೆ ಮಾಡಿದ್ದೇವೆ. ಮಕ್ಕಳ ಕಪಾಟಿಗೆ ಮಾತ್ರ ಮೊರ ಹಿಡಿದವರು ಕಡಿಮೆ. ೨೦೨೨ರಲ್ಲಿ ಪಠ್ಯಪುಸ್ತಕ ತಿದ್ದಲು ಹೊರಟವರು ಬಾಬಾಸಾಹೇಬರ ಹೆಸರಿನ ಹಿಂದಿದ್ದ ಸಂವಿಧಾನ ಶಿಲ್ಪಿ ಎಂಬ ಮಾತನ್ನೇ ಕಿತ್ತರು. ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ಹಿಂತೆಗೆದುಕೊಂಡರು. ೨೦೨೩ರಲ್ಲಿ ಸರಕಾರ ಬದಲಾಗಿ ಹೆಡಗೇವಾರ್ ಪಾಠ ಹೋಯಿತು, ಸಾವಿತ್ರಿಬಾಯಿ ಫುಲೆ ಬಂದರು. ಸಂತೋಷ. ಆದರೆ ಸರಕಾರ ಬದಲಾದಾಗಲೆಲ್ಲ ಬದಲಾಗುವ ಪುಟವನ್ನು ನಂಬಿ ಮಕ್ಕಳನ್ನು ಬೆಳೆಸಲಿಕ್ಕಾಗ್ತದೆಯೇ? ಪಠ್ಯದ ಹೊರಗೆ, ಮಗು ತಾನೇ ಕೈಚಾಚಿ ತೆಗೆದುಕೊಳ್ಳುವ ಪುಸ್ತಕ ಎಲ್ಲಿದೆ?

ಇಲ್ಲೊಂದು ಮಾತು ನೇರವಾಗಿ ನಮ್ಮದೇ ಕರಾವಳಿಯ ಹುಡುಗರಿಗೆ. ೨೦೧೭ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಒಬ್ಬ ಯುವಕ ಸತ್ತ. ಆ ಸಾವಿನ ಸುತ್ತ ಮೊಬೈಲುಗಳಲ್ಲಿ ಕಥೆ ಕಟ್ಟಿದರು, ಹೇಗೆ ಕೊಂದರು, ಏನೇನು ಮಾಡಿದರು ಅಂತ. ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ವಾಹನಕ್ಕೆ ಬೆಂಕಿ ಬಿತ್ತು. ೨೦೨೨ರಲ್ಲಿ ಸಿಬಿಐ ಅದು ಆಕಸ್ಮಿಕ ಸಾವು ಅಂತ ವರದಿ ಕೊಟ್ಟಿತು. ನಡುವಿನ ವರ್ಷಗಳಲ್ಲಿ ಕೇಸು ಹೊತ್ತು ಅಲೆದವರಲ್ಲಿ ದೊಡ್ಡ ಮನೆಯ ಮಕ್ಕಳು ಎಷ್ಟು ಮಂದಿ, ಲೆಕ್ಕ ಹಾಕಿ ನೋಡಿ. ರಾಕ್ಷಸ ಅಂತ ಒಬ್ಬನನ್ನು ತೋರಿಸಿ ಕೊಲ್ಲಿಸುವ ಕಥೆಯನ್ನೇ ಐದು ವರ್ಷದಿಂದ ಕೇಳಿ ಬೆಳೆದ ಹುಡುಗ, ಹದಿನೆಂಟರಲ್ಲಿ ಹೆಸರು ಬದಲಾಯಿಸಿ ಅದೇ ಕಥೆ ಹೇಳಿದರೆ ನಂಬ್ತಾನೆ. ಭಟ್ಕಳದ ನವಾಯತರ ಮಗು, ನಾಮಧಾರಿಗಳ ಮಗು, ಗೊಂಡರ ಮಗು, ನಮ್ಮ ಮಗು ಒಂದೇ ಕಥೆಯಲ್ಲಿ ಒಟ್ಟಿಗೆ ಮೀನು ಹಿಡಿದದ್ದನ್ನು ನೀವು ಯಾರಾದರೂ ಓದಿದ್ದೀರಾ? ಇದನ್ನು ಬರೆಯದೆ ಬಿಟ್ಟ ಜಾಗದಲ್ಲೇ ಆ ಕಥೆ ಬಂದು ಕೂತದ್ದು.

ಹಾಗಂತ ಕನ್ನಡದಲ್ಲಿ ಏನೂ ಇಲ್ಲ ಅನ್ನುವ ಹಟ ನಮಗಿಲ್ಲ. ಕುವೆಂಪು ಬ್ರೌನಿಂಗನ ಪದ್ಯವನ್ನು ಬೊಮ್ಮನಹಳ್ಳಿಗೆ ತಂದರು. ಕಿಂದರಿಜೋಗಿಯನ್ನು ಇನ್ನೊಮ್ಮೆ ಓದಿ. ಕೆಲಸ ಮಾಡಿಸಿಕೊಂಡು ಕೂಲಿ ಕೊಡದ ಗೌಡನ ಕಥೆ ಅದು! ಶಾಲೆಯಲ್ಲಿ ಅದನ್ನು ಇಲಿಗಳ ಕಥೆ ಅಂತ ಕುಣಿಸ್ತಾರೆ, ಹೆಚ್ಚೆಂದರೆ ಕೊಟ್ಟ ಮಾತಿಗೆ ತಪ್ಪಬಾರದು ಅಂತಾರೆ. ಕೂಲಿ ಅನ್ನುವ ಶಬ್ದ ಅವರ ಬಾಯಲ್ಲಿ ಬರೋದೇ ಇಲ್ಲ. ಅದೇ ಕುವೆಂಪು ಇಪ್ಪತ್ತರ ಹರೆಯದಲ್ಲೇ ಕಸ ಗುಡಿಸುವವನನ್ನು ನಾಯಕನನ್ನಾಗಿ ಮಾಡಿ 'ಜಲಗಾರ' ನಾಟಕ ಬರೆದರು. ಪಂಜೆ ಮಂಗೇಶರಾಯರು ತುಳು ಪಾಡ್ದನದಿಂದ ಕೋಟಿ ಚೆನ್ನಯರನ್ನು ಎತ್ತಿಕೊಂಡು ಮಕ್ಕಳೂ ಓದುವ ಹಾಗೆ ಹೇಳಿದರು. ಕಾರಂತರು ೧೯೩೬ರಲ್ಲೇ 'ಬಾಲಪ್ರಪಂಚ' ಕೊಟ್ಟರು. ನಮ್ಮ ಜಿಲ್ಲೆಯ ದಿನಕರ ದೇಸಾಯಿ ಬರೆದ ಗಡಿಯಾರದ ಪದ್ಯ ಎಲ್ಲ ಮಕ್ಕಳ ಬಾಯಲ್ಲಿದೆ. ಆ ಪದ್ಯ ಬರೆದವರು ಗೇಣಿ ರೈತರನ್ನು ಸಂಘಟಿಸಿದರು ಅಂತ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು ಅನ್ನೋದು ಎಷ್ಟು ಮಕ್ಕಳಿಗೆ ಗೊತ್ತು? ಸಿದ್ದಾಪುರದ ತಮ್ಮಣ್ಣ ಬೀಗಾರರಿಗೆ ೨೦೨೨ರಲ್ಲಿ 'ಬಾವಲಿ ಗುಹೆ'ಗಾಗಿ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂತು. ಘಟ್ಟದ ಮೇಲಿನ ಮಕ್ಕಳಿಗೆ ಒಬ್ಬರು ಬರೆಯುವವರಿದ್ದಾರೆ. ಘಟ್ಟದ ಕೆಳಗಿನ ನಮ್ಮ ಕೇರಿಗೆ?

ಕೇರಿಗೆ ಇದ್ದದ್ದು ಅಜ್ಜಿಯಂದಿರು. ಎಲ್. ಆರ್. ಹೆಗಡೆಯವರು ಕುಮಟಾದಲ್ಲಿ ಅಧ್ಯಾಪಕರಾಗಿದ್ದುಕೊಂಡು ಈ ತೀರದ ಜಾತಿಜಾತಿಯ ಬಾಯಿಂದ ಹಾಡು, ಕಥೆ ಬರೆದುಕೊಂಡರು. ಅದು ದೊಡ್ಡ ಕೆಲಸ. ಆದರೆ ಆ ಕಥೆಗಳು ಜಾನಪದ ಅಂತ ಸಂಶೋಧನೆಯ ಕಪಾಟಿಗೆ ಹೋದವು, ಮಕ್ಕಳ ಕಪಾಟಿಗೆ ಬರಲಿಲ್ಲ. ಒಂದೇ ಥರದ ಕಥೆ. ಸಂಸ್ಕೃತದಲ್ಲಿದ್ದರೆ ಪಂಚತಂತ್ರ, ಮಕ್ಕಳ ಸಾಹಿತ್ಯ. ನಮ್ಮಜ್ಜಿ ಹೇಳಿದರೆ ಜಾನಪದ, ಪಿಎಚ್.ಡಿ. ಸಾಮಗ್ರಿ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ೨೦೧೭ರಲ್ಲಿ ಪದ್ಮಶ್ರೀ ಕೊಟ್ಟರು, ೨೦೨೫ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಹಾಡು ಎಷ್ಟು ಅಂಗನವಾಡಿಗಳಲ್ಲಿ ಕೇಳ್ತದೆ? ಅಲ್ಲಿ ಟ್ವಿಂಕಲ್ ಟ್ವಿಂಕಲ್ ನಡೀತಾ ಇದೆ.

ಪಟ್ಟಿ ಬೇಡ ಅಂತ ನಾವು ಹೇಳ್ತಾ ಇಲ್ಲ. ಅದೇ ಪಟ್ಟಿ ಇಟ್ಟುಕೊಳ್ಳೋಣ, ತುಂಬುವ ಸರಕು ನಮ್ಮದಾಗಲಿ. ಜೋಗುಳವೇ? ಪುಸ್ತಕದ ಜೋಗುಳದಲ್ಲಿ ಚಿನ್ನದ ತೊಟ್ಟಿಲು, ಬೆಳ್ಳಿಯ ಸರಪಳಿ. ನಮ್ಮವ್ವ ಗದ್ದೆ ಬದುವಿನ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ, ನಟ್ಟಿ ನೆಡುತ್ತ ದೂರದಿಂದಲೇ ಕೂಗಿ ಹಾಡಿ ಮಲಗಿಸಿದಳು. ಆ ಕೂಗುವ ಜೋಗುಳವನ್ನು ಯಾರು ಬರೆದಿದ್ದಾರೆ? ವಿಜ್ಞಾನವೇ? ಅಘನಾಶಿನಿ ಅಳಿವೆಯಲ್ಲಿ ಹೆಂಗಸರು ಸೊಂಟ ಮಟ್ಟ ನೀರಿನಲ್ಲಿ ನಿಂತು ಬಳಚು ಹೆಕ್ತಾರೆ. ಮಾಂಸ ತಿಂದ ಮೇಲೆ ಉಳಿದ ಚಿಪ್ಪನ್ನು ಸುಟ್ಟರೆ ಒಳಗಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳೀತದೆ. ನೀರು ಹೊಯ್ದರೆ ಬೆಂಕಿ ಇಲ್ಲದೆ ಕೊತಕೊತ ಕುದೀತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮತ್ತೆ ಎಳೆದುಕೊಂಡು ಕಲ್ಲಿನಂತಾಗ್ತದೆ. ಚಿಪ್ಪು ಮತ್ತೆ ಚಿಪ್ಪಾಯಿತು! ಇದಕ್ಕಿಂತ ಮಾಯದ ಕಥೆ ಬೇಕೆ? ಸುಣ್ಣ ಸುಡುವವರ ಮೈಸುಟ್ಟ ಗುರುತನ್ನು ಕಂಡ ಮಗುವಿಗೆ ರಸಾಯನಶಾಸ್ತ್ರ ಪರದೇಶದಿಂದ ಬಂದದ್ದು ಅಂತ ಅನ್ನಿಸೋದಿಲ್ಲ. ಕಂಚ ಐಲಯ್ಯ ೨೦೦೭ರಲ್ಲಿ ಇಂಥದ್ದೇ ಪುಸ್ತಕ ಮಾಡಿದರು. ಮಡಕೆ, ಚರ್ಮ, ಬಟ್ಟೆ, ನೇಗಿಲು ಇವುಗಳ ಹಿಂದಿನ ಬುದ್ಧಿಯನ್ನು ಮಕ್ಕಳಿಗೆ ಹೇಳಿದರು, ಚಿತ್ರ ಬರೆದವರು ಗೊಂಡ ಕಲಾವಿದೆ ದುರ್ಗಾಬಾಯಿ ವ್ಯಾಮ್.

ಸಾಹಸಕಥೆಯೇ? ೧೯೦೧ರಲ್ಲಿ ನಾಲ್ಕು ಹುಡುಗರು ಜರಿಯ ಟೋಪಿ, ಹೊಸ ಬಟ್ಟೆ ತೊಟ್ಟು ಅಪ್ಪನನ್ನು ನೋಡಲು ಕೋರೇಗಾಂವಿಗೆ ಹೊರಟರು. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಜಾತಿ ತಿಳಿದದ್ದೇ ಗಾಡಿಯವರೆಲ್ಲ ಹಿ೦ದೆ ಸರಿದರು. ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಆದರೆ ಗಾಡಿ ಹುಡುಗರೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರ್ತಾನೆ. ಕತ್ತಲಾಯಿತು. ಬುತ್ತಿ ಇದೆ, ಕುಡಿಯಲು ಒಂದು ಹನಿ ನೀರಿಲ್ಲ, ಕೊಡುವವರಿಲ್ಲ. ಅದರಲ್ಲೊಬ್ಬ ಹುಡುಗ ಅಂಬೇಡ್ಕರ್. ಕಳ್ಳರಿಲ್ಲ, ಭೂತವಿಲ್ಲ, ಆದರೂ ಓದುವ ಮಗುವಿಗೆ ಗಂಟಲು ಒಣಗ್ತದೆ. ಬಾಬಾಸಾಹೇಬರು ತಾವೇ ಇದನ್ನು ಬರೆದಿಟ್ಟಿದ್ದಾರೆ. ೨೦೧೧ರಲ್ಲಿ ದುರ್ಗಾಬಾಯಿ, ಸುಭಾಷ್ ವ್ಯಾಮ್ ಚಿತ್ರಗಳಲ್ಲಿ ಅದು 'ಭೀಮಾಯಣ' ಆಯಿತು. ಅಂಬೇಡ್ಕರ್ ಅಂದರೆ ನೀಲಿ ಕೋಟು, ಎತ್ತಿದ ಬೆರಳು ಅಂತಲೇ ತಿಳಿದ ಮಕ್ಕಳಿಗೆ ಬಾಯಾರಿದ ಒಂಬತ್ತು ವರ್ಷದ ಭೀಮನನ್ನು ಕೊಡಬೇಕು.

ಈಗ ನಮ್ಮ ಸಂಗಾತಿಗಳ ಆಕ್ಷೇಪಣೆ. ಭೂಮಿ ಇಲ್ಲ, ಕೂಲಿ ಇಲ್ಲ, ನೌಕರಿ ಇಲ್ಲ, ನೀವು ಮಕ್ಕಳ ಪದ್ಯದ ಮಾತು ಎತ್ತಿದಿರಿ. ಮೊದಲು ಹೋರಾಟ ಆಗಲಿ ಅಂತಾರೆ. ಹೋರಾಟಕ್ಕೆ ಬರುವ ಹುಡುಗ ಎಲ್ಲಿ ತಯಾರಾಗ್ತಾನೆ ಮಾರಾಯರೆ? ಅಮೆರಿಕದಲ್ಲಿ ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಕಾಲದಲ್ಲೇ, ೧೯೨೦ರ ಜನವರಿಯಲ್ಲಿ, ಡುಬೋಯಿಸ್ ತನ್ನ ಜನರ ಮಕ್ಕಳಿಗೆ 'ದಿ ಬ್ರೌನೀಸ್ ಬುಕ್' ಎಂಬ ಮಾಸಪತ್ರಿಕೆ ತೆಗೆದ. ೨೪ ಸಂಚಿಕೆ ತಂದು ೧೯೨೧ರ ಕೊನೆಗೆ ದುಡ್ಡಿಲ್ಲದೆ ನಿಂತಿತು. ಹೋರಾಟ ಮುಗಿಯಲಿ ಅಂತ ಅವನು ಕಾಯಲಿಲ್ಲ. ೨೦೦೮ರಲ್ಲಿ ಹೈದರಾಬಾದಿನ ಅನ್ವೇಷಿಯವರು ದಲಿತ, ಮುಸ್ಲಿಂ ಬಾಲ್ಯದ ಕಥೆಗಳ ಮಾಲೆಯನ್ನೇ ತಂದರು. ತೆಲುಗಿನ ಗೋಗು ಶ್ಯಾಮಲಾ ಅದರಲ್ಲಿ ಬರೆದರು. ಕನ್ನಡದ ನಾವು ಯಾರ ಅಪ್ಪಣೆಗೆ ಕಾಯ್ತಾ ಇದ್ದೇವೆ?

ಜಾಗವೂ ಇದೆ. ೨೦೨೦ರ ನವೆಂಬರಿನಿಂದ 'ಓದುವ ಬೆಳಕು' ಅಂತ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟಿದ್ದಾರೆ. ನಿಮ್ಮ ತಮ್ಮ ತಂಗಿಯರ ಹೆಸರು ಬರೆಸಿದ್ದೀರಾ? ಹಾಸ್ಟೆಲ್ ಬೀರುವಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕ ಒಂದು ಗೇಣು ಜಾಗ ಬಿಡಿಸಿ.

ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಮಕ್ಕಳಿಗೆ ಬಿಡ್ತೇವೆ. ಈ ರಜೆಯಲ್ಲಿ ಮನೆಗೆ ಹೋದವರು ಒಬ್ಬೊಬ್ಬರು ಒಂದೊಂದು ತನ್ನಿ: ಒಂದು ಒಗಟು, ಒಂದು ಜೋಗುಳ, ಅಜ್ಜಿಯ ಒಂದು ಕಥೆ. ಅಜ್ಜಿ "ಬತ್ತೆ" ಅಂದರೆ "ಬರುತ್ತೇನೆ" ಅಂತ ತಿದ್ದಬೇಡಿ. ಹೇಳಿದವರನ್ನು ಕೇಳಿ, ಅವರು ಒಪ್ಪಿದರೆ ಹೆಸರು ಬರೆಯಿರಿ, ಸಂಗ್ರಹಿಸಿದವನ ಹೆಸರು ಕೆಳಗೆ ಸಣ್ಣದಾಗಿ ಸಾಕು. ಹುಡುಗಿಯರ ಹಾಸ್ಟೆಲಿನವರು ಬರೆಯಲೇಬೇಕು, ಕಥೆ ಹೇಳುವ ಬಾಯಿ ಹೆಚ್ಚಾಗಿ ಅವ್ವಂದಿರದು. ದಿನಾ ಹಲ್ಲುಜ್ಜುವ ಪುಟ್ಟನ ಪದ್ಯ ಕಳಿಸಬೇಡಿ. ನಮ್ಮ ಮೆರವಣಿಗೆಯ ಘೋಷಣೆಗೆ ಪ್ರಾಸ ಕಟ್ಟಿ ಮಕ್ಕಳ ಪದ್ಯ ಅಂತಲೂ ಕಳಿಸಬೇಡಿ, ಅದನ್ನು ನಾವು ಕೂಗ್ತೇವೆ, ಮೂರು ವರ್ಷದ ಮಗುವಿಗೆ ನಗಲು ಬಿಡಿ. ಚಿತ್ರ ಬರೆಯುವವರಿದ್ದರೆ ಬರೀ ಗೆರೆಯಲ್ಲಿ ಬರೆಯಿರಿ, ಸ್ಟೆನ್ಸಿಲಿನಲ್ಲಿ ಕಪ್ಪು ತುಂಬಿದರೆ ಕಾಗದ ಹರೀತದೆ. ಸ್ಟೆನ್ಸಿಲ್ ಕೊರೆಯಲು ಇಬ್ಬರೇ ಇದ್ದೇವೆ, ಅಕ್ಷರ ದೊಡ್ಡದಾಗಿ, ಹಾಳೆಯ ಒಂದೇ ಮಗ್ಗುಲಿಗೆ ಬರೆದು ಕಳಿಸಿ.

ಜೈ ಭೀಮ್.